ಮೈಲುತುತ್ತು ಮತ್ತು ತಾಮ್ರದ ಸಲ್ಫೇಟ್: ಅಯಾನಿಕ ಸಂಯುಕ್ತಗಳ ಕನ್ನಡ ನಾಮಕರಣ - ಒಂದು ವಿಮರ್ಶೆ

1

ಕನ್ನಡದ ವಿಜ್ಞಾನ ಸಾಹಿತ್ಯವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿವೆ. ಪಾರಿಭಾಷಿಕ ಪದವನ್ನು ಅನುವಾದಿಸಬೇಕೆ, ಇಲ್ಲವೆ ಇದ್ದ ಹಾಗೆಯೇ ಎತ್ತಿಕೊಳ್ಳಬೇಕೆ ಎಂಬುದು ಆ ಪ್ರಶ್ನೆ. ರಸಾಯನವಿಜ್ಞಾನದ ಮಟ್ಟಿಗೆ ಈ ಪ್ರಶ್ನೆ ಅಪೂರ್ಣವಾದುದು ಎಂಬುದು ಪ್ರಸ್ತುತ ಲೇಖನದ ನಿಲುವು. ಸಸ್ಯಕ್ಕೋ ಪ್ರಾಣಿಗೋ ಇಟ್ಟ ಹೆಸರು ಅದನ್ನು ಗುರುತಿಸಿದರೆ ಸಾಕು. ಸಂಯುಕ್ತವೊಂದಕ್ಕೆ ಇಟ್ಟ ಹೆಸರು ಗುರುತಿಸುವುದರ ಜೊತೆಗೆ ಅದರ ಸೂತ್ರವನ್ನು ಬರೆಯುವ ದಾರಿಯನ್ನೂ ತೋರಿಸಬೇಕು. ಹೆಸರಿನಿಂದ ಸೂತ್ರಕ್ಕೆ, ಸೂತ್ರದಿಂದ ಹೆಸರಿಗೆ ಹೋಗಿಬರುವ ದಾರಿ ತೆರೆದಿರಬೇಕು. ಆದುದರಿಂದ ಕನ್ನಡದ ರಾಸಾಯನಿಕ ಹೆಸರುಗಳನ್ನು ಪರೀಕ್ಷಿಸುವಾಗ ಹೆಸರು ಎಷ್ಟು ಕನ್ನಡವಾಗಿದೆ ಎಂಬುದಕ್ಕಿಂತ ಅದು ಸೂತ್ರವನ್ನು ಎಷ್ಟರಮಟ್ಟಿಗೆ ಕಾಣಿಸುತ್ತದೆ ಎಂಬುದೇ ಮುಖ್ಯ ಒರೆಗಲ್ಲಾಗಬೇಕು.

ಈ ಪರಿಶೀಲನೆಗೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಪರಿಸರವನ್ನು ಆರಿಸಿಕೊಳ್ಳಲು ಕಾರಣಗಳಿವೆ. ಇದು ಅಡಿಕೆಯ ಸೀಮೆ. ಇಲ್ಲಿನ ಕೃಷಿಕ ಪ್ರತಿ ಮಳೆಗಾಲದಲ್ಲಿ ಎರಡು ಅಯಾನಿಕ ಸಂಯುಕ್ತಗಳನ್ನು ತನ್ನ ಕೈಯಾರೆ ಅಳೆದು, ಕರಗಿಸಿ, ಬೆರೆಸುತ್ತಾನೆ. ಇಲ್ಲಿನ ವಿದ್ಯಾರ್ಥಿಯ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಹವ್ಯಕ ಕನ್ನಡವೋ ಆಗಿರುತ್ತದೆ. ಶಾಲೆಯಲ್ಲಿ ಅವನು ಓದುವುದು ಗ್ರಾಂಥಿಕ ಕನ್ನಡವನ್ನು. ಬರೆಯುವ ಸೂತ್ರವಾದರೋ ಲ್ಯಾಟಿನ್ ಮೂಲದ ಸಂಕೇತಗಳದು. ಹೀಗೆ ನಾಮಕರಣದ ಸಮಸ್ಯೆಯ ಎಲ್ಲ ಪದರಗಳೂ ಇಲ್ಲಿ ಒಟ್ಟಿಗೆ ಸಿಗುತ್ತವೆ. (ಮುಂದೆ ಬರುವ ಸೂತ್ರಗಳನ್ನು ತರಗತಿಯಲ್ಲಿ ಓದುವ ಕ್ರಮದಲ್ಲಿಯೇ ಕನ್ನಡ ಲಿಪಿಯಲ್ಲಿ ಕೊಟ್ಟು, ಒಂದೊಂದು ಧಾತುವಿನ ಸಂಕೇತವನ್ನು ಅಡ್ಡಗೆರೆಯಿಂದ ಬೇರ್ಪಡಿಸಲಾಗಿದೆ.)

2

ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ಸಂಸ್ಥಾನದಲ್ಲಿ ಸಂಶೋಧನೆ ನಡೆಸಿದ ಲೆಸ್ಲಿ ಕೋಲ್ಮನ್ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೂ ಹಿಂದೆ, 1885ರ ಸುಮಾರಿಗೆ, ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆ ಮದ್ದೆಂದು ಪ್ರಚುರಪಡಿಸಿದ ಬೋರ್ಡೋ ದ್ರಾವಣವೇ ಕೊಳೆರೋಗಕ್ಕೂ ಮದ್ದಾಯಿತು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಗುವ ಹೊತ್ತಿಗೆ ಈ ದ್ರಾವಣ ತೋಟದ ವಾರ್ಷಿಕ ಕೆಲಸಗಳಲ್ಲಿ ಒಂದಾಗಿತ್ತು. 1 ಕಿಲೋಗ್ರಾಂ ಮೈಲುತುತ್ತು, 1 ಕಿಲೋಗ್ರಾಂ ಸುಣ್ಣ, 100 ಲೀಟರ್ ನೀರು - ಇದು ಶೇಕಡಾ 1ರ ದ್ರಾವಣದ ಪ್ರಸಿದ್ಧ ಲೆಕ್ಕ. ಮುಂಗಾರಿಗೆ ಮುನ್ನ ಒಮ್ಮೆ, ಅನಂತರ ಸುಮಾರು 40-45 ದಿನಗಳಿಗೆ ಮತ್ತೊಮ್ಮೆ ಇದನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಆಡುಮಾತಿನಲ್ಲಿ ಇದು ‘ಮದ್ದು ಬಿಡುವುದು’.

‘ಮೈಲುತುತ್ತು’ ಎಂಬ ಹೆಸರನ್ನು ಗಮನಿಸಬೇಕು. ‘ತುತ್ಥ’ ಎಂಬುದು ರಸಶಾಸ್ತ್ರದ ಪುರಾತನ ಪದ. ಅಲ್ಲಿ ಇದಕ್ಕೆ ‘ಮಯೂರತುತ್ಥ’ ಎಂಬ ಹೆಸರೂ ಉಂಟು. ದ್ರಾವಿಡ ಭಾಷೆಗಳ ‘ಮಯಿಲ್’, ಅಂದರೆ ನವಿಲು, ಈ ತುತ್ಥದೊಂದಿಗೆ ಸೇರಿ ನಮ್ಮ ಪದವಾಗಿದೆ. ನವಿಲಿನ ಕೊರಳಿನ ನೀಲಿಯೇ ಇಲ್ಲಿ ಹೆಸರಿಗೆ ಆಧಾರ. ಹೀಗೆ ಬಣ್ಣ, ರುಚಿ, ರೂಪ, ಗುಣಗಳಿಂದ ಬಂದ ಹೆಸರುಗಳು ನಮ್ಮಲ್ಲಿ ಹಲವಿವೆ: ಅನ್ನಭೇದಿ, ನವಸಾಗರ, ಬಿಳಿಗಾರ, ಪೆಟ್ಲುಪ್ಪು, ಪಟಿಕ. ಇವು ಅಂಗಡಿಯಲ್ಲಿ, ವೈದ್ಯರಲ್ಲಿ, ಅಕ್ಕಸಾಲಿಗರಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಬಳಕೆಯಾಗಿವೆ. ಆದರೆ ಒಂದು ಹೆಸರಿನಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಮೈಲುತುತ್ತಿಗೂ ಅನ್ನಭೇದಿಗೂ ಇರುವ ನಂಟು, ಎರಡರಲ್ಲಿಯೂ ಸಲ್ಫೇಟ್ ಅಯಾನು ಇದೆಯೆಂಬ ಸಂಗತಿ, ಈ ಹೆಸರುಗಳಲ್ಲಿ ಕಾಣಿಸದು.

ಯುರೋಪಿನಲ್ಲಿಯೂ ಪರಿಸ್ಥಿತಿ ಇದೇ ಆಗಿತ್ತು. ‘ಆಂಟಿಮನಿಯ ಬೆಣ್ಣೆ’, ‘ನೀಲಿ ವಿಟ್ರಿಯಲ್’ ಮುಂತಾದ ಹೆಸರುಗಳನ್ನು ಕೈಬಿಟ್ಟು, ಘಟಕಗಳನ್ನು ಹೇಳುವ ಹೆಸರುಗಳ ವ್ಯವಸ್ಥೆಯೊಂದನ್ನು ಗೀತಾನ್ ದ ಮೊರ್ವೋ, ಲವಾಸಿಯೆ, ಬರ್ತಲೆ ಮತ್ತು ಫೂರ್‌ಕ್ರ್ವಾ 1787ರಲ್ಲಿ ಮುಂದಿಟ್ಟರು. 1813-14ರಲ್ಲಿ ಬರ್ಜೀಲಿಯಸ್ ಧಾತುಗಳಿಗೆ ಅಕ್ಷರಸಂಕೇತಗಳನ್ನು ಸೂಚಿಸಿದರು. ಹೆಸರು ಮತ್ತು ಸೂತ್ರ ಎಂಬ ಎರಡು ಚಕ್ರಗಳ ಬಂಡಿ ಅಲ್ಲಿಂದ ಓಡತೊಡಗಿತು. ಕನ್ನಡಕ್ಕೆ ಬಂದುದು ಈ ಸಿದ್ಧಗೊಂಡ ಬಂಡಿ.

3

ಕನ್ನಡ ಇದನ್ನು ಹೇಗೆ ಬರಮಾಡಿಕೊಂಡಿತು? ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ‘ವಿಜ್ಞಾನ’ ಮಾಸಪತ್ರಿಕೆ (1918-19), ಶಿವರಾಮ ಕಾರಂತರ ‘ಬಾಲಪ್ರಪಂಚ’ (1936) ಮತ್ತು ‘ವಿಜ್ಞಾನ ಪ್ರಪಂಚ’ (1959-64), ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ - ಇವು ಕನ್ನಡ ವಿಜ್ಞಾನ ಗದ್ಯದ ಮುಖ್ಯ ಮೈಲಿಗಲ್ಲುಗಳು. ಇವುಗಳಲ್ಲಿ ಕಾರಂತರ ಕೃತಿಗಳು ಬಂಟ್ವಾಳದ ನೆರೆಯ ಪುತ್ತೂರಿನ ಪರಿಸರದಿಂದ ಹೊರಟವು. ‘ಬಾಲವಿಜ್ಞಾನ’ದ ಸಂಪಾದನೆಯಲ್ಲಿ ದುಡಿದವರ ಪೈಕಿ ರಸಾಯನವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರೂ, ಬಂಟ್ವಾಳ ತಾಲೂಕಿನ ಊರಿನ ಹೆಸರನ್ನೇ ತಮ್ಮ ಹೆಸರಿನ ಭಾಗವಾಗಿಸಿಕೊಂಡ ಅಡ್ಯನಡ್ಕ ಕೃಷ್ಣಭಟ್ಟರೂ ಇದ್ದಾರೆ. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮಕ್ಕಳ ಓದಿಗೆಂದು ರೂಢಿಸಿದ ಸರಳ ಗದ್ಯವೂ ಈ ಪರಂಪರೆಯ ಹಿಂದೆ ಇದೆ.

ಈ ದೀರ್ಘ ಅವಧಿಯಲ್ಲಿ ಧಾತುಗಳ ಹೆಸರುಗಳು ಮೂರು ಬಗೆಯಾಗಿ ನೆಲೆಗೊಂಡವು. ಮೊದಲನೆಯ ಬಗೆ ರೂಢಿಯ ಹೆಸರುಗಳದು: ತಾಮ್ರ, ಕಬ್ಬಿಣ, ಸೀಸ, ತವರ, ಗಂಧಕ, ಪಾದರಸ. ಎರಡನೆಯದು ಹೊಸದಾಗಿ ಕಟ್ಟಿದ ಸಂಸ್ಕೃತಜನ್ಯ ಹೆಸರುಗಳದು: ಆಮ್ಲಜನಕ, ಜಲಜನಕ, ಸಾರಜನಕ. ಮೂರನೆಯದು ಎರವಲು ಹೆಸರುಗಳದು: ಸೋಡಿಯಂ, ಕ್ಯಾಲ್ಸಿಯಂ, ಕ್ಲೋರಿನ್. ಇವುಗಳಲ್ಲಿ ಎರಡನೆಯ ಬಗೆ ಎಚ್ಚರಿಕೆಯ ಪಾಠವನ್ನು ಹೇಳುತ್ತದೆ. ಎಲ್ಲ ಆಮ್ಲಗಳಲ್ಲಿಯೂ ಆಮ್ಲಜನಕವಿದೆ ಎಂದು ಲವಾಸಿಯೆ ನಂಬಿದ್ದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂಬುದು 1810ರ ಹೊತ್ತಿಗೆ ಡೇವಿಯವರ ಪ್ರಯೋಗಗಳಿಂದ ಖಚಿತವಾಯಿತು. ಮೂಲ ಭಾಷೆಯಲ್ಲಿ ಆ ತಪ್ಪು ಗ್ರೀಕ್ ಧಾತುಗಳ ಮರೆಯಲ್ಲಿ ಅಡಗಿ ನಿರುಪದ್ರವಿಯಾಗಿದೆ. ಕನ್ನಡದಲ್ಲಿ ಅನುವಾದಗೊಂಡು ಎಲ್ಲರಿಗೂ ಅರ್ಥವಾಗುವ ತಪ್ಪಾಗಿದೆ. ಅರ್ಥವನ್ನು ಅನುವಾದಿಸುವವನು ಮೂಲದ ದೋಷವನ್ನೂ ಅನುವಾದಿಸುತ್ತಾನೆ.

1961ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವು ಧಾತುಗಳ ಮತ್ತು ಸಂಯುಕ್ತಗಳ ಹೆಸರುಗಳನ್ನು ಅಂತರರಾಷ್ಟ್ರೀಯ ರೂಪದಲ್ಲಿಯೇ ಉಳಿಸಿಕೊಳ್ಳುವ ನೀತಿಯನ್ನು ಅನುಸರಿಸಿತು. ಕನ್ನಡ ಪಠ್ಯಗಳು ನಡುದಾರಿಯನ್ನು ಹಿಡಿದವು. ಧನ ಅಯಾನಿಗೆ ರೂಢಿಯ ಹೆಸರಿದ್ದರೆ ಅದನ್ನೂ, ಋಣ ಅಯಾನಿಗೆ ಎರವಲು ಹೆಸರನ್ನೂ ಕೂಡಿಸಿ, ನಡುವೆ ಷಷ್ಠೀ ವಿಭಕ್ತಿಯನ್ನು ಇಟ್ಟವು. ‘ತಾಮ್ರದ ಸಲ್ಫೇಟ್’ ಹುಟ್ಟಿದುದು ಹೀಗೆ.

4

ಇಂತಹ ಮಿಶ್ರ ಹೆಸರುಗಳನ್ನು ಅರಿಸಮಾಸವೆಂದು ಜರೆಯುವುದು ಸುಲಭ. ಆದರೆ ರೂಢಿಯಲ್ಲಿ ನೆಲೆಸಿದ ಅರಿಸಮಾಸಕ್ಕೆ ಕೇಶಿರಾಜನೇ ಎಡೆಮಾಡಿಕೊಟ್ಟಿದ್ದಾನೆ. ನಮ್ಮ ಆಕ್ಷೇಪ ಮಿಶ್ರಣವನ್ನು ಕುರಿತದ್ದಲ್ಲ, ನಡುವಿನ ‘ದ’ ಪ್ರತ್ಯಯವನ್ನು ಕುರಿತದ್ದು.

ತಾಮ್ರದ ಕೊಡ, ಕಬ್ಬಿಣದ ಕತ್ತಿ, ಮಣ್ಣಿನ ಗಡಿಗೆ - ಕನ್ನಡದಲ್ಲಿ ಈ ರಚನೆ ಒಂದು ವಸ್ತು ಯಾವುದರಿಂದ ಆಗಿದೆ ಎಂಬುದನ್ನು ಹೇಳುತ್ತದೆ. ಕೊಡ ಮುಖ್ಯ, ತಾಮ್ರ ಅದರ ವಿಶೇಷಣ. ಈ ಅಭ್ಯಾಸದಿಂದ ಓದಿದರೆ ‘ತಾಮ್ರದ ಸಲ್ಫೇಟ್’ ಎಂಬುದು ತಾಮ್ರದಿಂದ ಮಾಡಿದ ಯಾವುದೋ ಸಲ್ಫೇಟ್ ಎಂದಾಗುತ್ತದೆ. ವಾಸ್ತವವಾಗಿ ಇದು ವಿರುದ್ಧ ವಿದ್ಯುದಾವೇಶವುಳ್ಳ ಎರಡು ಪಕ್ಷಗಳ ಸಹವಾಸ. ನೀರಿನಲ್ಲಿ ಕರಗಿದಾಗ ಎರಡೂ ಬೇರೆಬೇರೆಯಾಗಿ ಸಂಚರಿಸುತ್ತವೆ. ‘ಅಯಾನು’ ಎಂಬ ಪದದ ಗ್ರೀಕ್ ಮೂಲಕ್ಕೆ ‘ಹೋಗುವುದು’ ಎಂದೇ ಅರ್ಥ. ಫ್ಯಾರಡೆ ಅದನ್ನು 1834ರಲ್ಲಿ ಬಳಕೆಗೆ ತಂದರು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಯಾನಿಕ ಸಂಯುಕ್ತದ ಹೆಸರು ದ್ವಂದ್ವ ಸಮಾಸವಾಗಬೇಕಿತ್ತು, ಅದನ್ನು ತತ್ಪುರುಷವಾಗಿಸಲಾಗಿದೆ.

ಇದರಿಂದ ಆಗುವ ತೊಡಕು ಕೇವಲ ವ್ಯಾಕರಣದ್ದಲ್ಲ. ‘ಇಂಗಾಲದ ಡೈಆಕ್ಸೈಡ್’ ಎಂಬ ಹೆಸರಿನ ರಚನೆಯೂ ಇದೇ. ಆದರೆ ಅದು ಅಯಾನಿಕ ಸಂಯುಕ್ತವಲ್ಲ, ಸಹವೇಲೆನ್ಸಿಯದು. ಅದರಲ್ಲಿ ‘ಡೈ’ ಎಂಬ ಪೂರ್ವಪದ ಪರಮಾಣುಗಳ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತದೆ. ಅಯಾನಿಕ ಸಂಯುಕ್ತದ ಹೆಸರು ಸಂಖ್ಯೆಯನ್ನು ಹೇಳುವುದಿಲ್ಲ. ಓದುಗನೇ ಆವೇಶಗಳನ್ನು ಸರಿದೂಗಿಸಿ ಲೆಕ್ಕ ಹಾಕಬೇಕೆಂದು ಬಯಸುತ್ತದೆ. ಕ್ಯಾಲ್ಸಿಯಂ ಅಯಾನಿನ ಆವೇಶ ಧನ 2, ಕ್ಲೋರೈಡಿನದು ಋಣ 1. ಒಂದು ಕ್ಯಾಲ್ಸಿಯಮಿಗೆ ಎರಡು ಕ್ಲೋರೈಡುಗಳು ಬೇಕು. ಆದುದರಿಂದ ಸೂತ್ರ ಸಿಎ-ಸಿಎಲ್₂. ಈ 2 ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಹೆಸರನ್ನು ಅಕ್ಷರಶಃ ಸಂಕೇತಕ್ಕೆ ಇಳಿಸಿ ಸಿಎ-ಸಿಎಲ್ ಎಂದು ಬರೆಯುವ ವಿದ್ಯಾರ್ಥಿಯ ತಪ್ಪು ದಡ್ಡತನದ್ದಲ್ಲ. ಹೆಸರು ಎಲ್ಲವನ್ನೂ ಹೇಳುತ್ತದೆ ಎಂದು ಇಂಗಾಲದ ಡೈಆಕ್ಸೈಡ್ ಅವನಿಗೆ ಕಲಿಸಿರುತ್ತದೆ. ಎರಡು ನಾಮಕರಣ ಪದ್ಧತಿಗಳು ಕನ್ನಡದಲ್ಲಿ ಒಂದೇ ವೇಷ ತೊಟ್ಟು ನಿಂತಿವೆ. ಅವು ಬೇರೆಬೇರೆ ಎಂದು ವಿವರಿಸುವ ಹೊಣೆಯನ್ನು ಪಠ್ಯ ಹೊತ್ತುಕೊಂಡಿಲ್ಲ.

ಇದಕ್ಕೆ ಪರಿಹಾರವೆಂದು ಕಲಿಸುವ ಅಡ್ಡಹಾಯಿಸುವ ವಿಧಾನ, ಅಂದರೆ ಒಂದರ ವೇಲೆನ್ಸಿಯನ್ನು ಇನ್ನೊಂದರ ಕೆಳಗೆ ಬರೆಯುವುದು, ಉಪಯುಕ್ತವೇ. ಎಎಲ್₂-(ಎಸ್-ಓ₄)₃ ಎಂಬ ಅಲ್ಯೂಮಿನಿಯಂ ಸಲ್ಫೇಟಿನ ಸೂತ್ರವನ್ನು ಅದು ಕ್ಷಣದಲ್ಲಿ ಕೊಡುತ್ತದೆ. ಆದರೆ ಅದೇ ಯಾಂತ್ರಿಕತೆಯಿಂದ ಸುಟ್ಟ ಸುಣ್ಣಕ್ಕೆ ಸಿಎ₂-ಓ₂ ಎಂಬ ಸೂತ್ರವೂ ಬರುತ್ತದೆ. ಅದನ್ನು ಸಿಎ-ಓ ಎಂದು ಸಂಕ್ಷೇಪಿಸಬೇಕಾದುದೇಕೆ ಎಂಬುದು ಗೊತ್ತಾಗಬೇಕಾದರೆ, ಅಯಾನಿಕ ಸಂಯುಕ್ತದ ಸೂತ್ರ ಅಯಾನುಗಳ ಕನಿಷ್ಠ ಅನುಪಾತವನ್ನು ಮಾತ್ರ ಹೇಳುತ್ತದೆ ಎಂಬುದು ತಿಳಿದಿರಬೇಕು. ಇಲ್ಲಿ ಇನ್ನೊಂದು ರೂಢಿಯ ಪದ ಅಡ್ಡ ಬರುತ್ತದೆ: ‘ಅಣುಸೂತ್ರ’. ಉಪ್ಪಿನ ಹರಳಿನಲ್ಲಿ ಅಣುವೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡುಗಳು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ ಅಯಾನುಗಳು ಇರುವ ಜಾಲವದು. ಬ್ರ್ಯಾಗ್ ತಂದೆಮಕ್ಕಳು 1913ರಲ್ಲಿಯೇ ಕ್ಷಕಿರಣಗಳಿಂದ ಇದನ್ನು ತೋರಿಸಿಕೊಟ್ಟರು. ನೀರಿಗೂ ಉಪ್ಪಿಗೂ ಒಂದೇ ‘ಅಣುಸೂತ್ರ’ ಪದವನ್ನು ಬಳಸುವ ಪಠ್ಯ ಭಾಷೆಯ ಅಜಾಗರೂಕತೆಯಿಂದ ವಿಜ್ಞಾನವನ್ನೇ ತಪ್ಪಾಗಿ ಹೇಳಿದಂತಾಗುತ್ತದೆ. ಬರಿಯ ‘ಸೂತ್ರ’ ಎಂದಿದ್ದರೆ ಸಾಕಾಗಿತ್ತು.

5

ಆವೇಶ ಬದಲಾಗುವ ಲೋಹಗಳ ವಿಷಯದಲ್ಲಿ ಹೆಸರಿನ ಮೌನ ಇನ್ನಷ್ಟು ದುಬಾರಿಯಾಗುತ್ತದೆ. ಈ ಮೂರೂ ಊರುಗಳ ಮನೆಗೋಡೆಗಳು ಎದ್ದಿರುವುದು ಕೆಂಪು ಮುರಕಲ್ಲಿನಿಂದ. ಆ ಕೆಂಪು ಧನ 3 ಆವೇಶದ ಕಬ್ಬಿಣದ್ದು. ಜಲಾಂಶವನ್ನು ಬದಿಗಿಟ್ಟರೆ ಅದರ ಆಕ್ಸೈಡಿನ ಸೂತ್ರ ಎಫ್‌ಇ₂-ಓ₃. ಬೆಳ್ತಂಗಡಿಯ ನೆತ್ತಿಯ ಮೇಲಿರುವ ಕುದುರೆಮುಖ ಶ್ರೇಣಿಯಲ್ಲಿ 2005ರ ಅಂತ್ಯದವರೆಗೆ ಅಗೆದು ತೆಗೆದ ಮ್ಯಾಗ್ನೆಟೈಟ್ ಅದಿರೂ ಕಬ್ಬಿಣದ ಆಕ್ಸೈಡೇ. ಆದರೆ ಅದರ ಸೂತ್ರ ಎಫ್‌ಇ₃-ಓ₄. ಅದರಲ್ಲಿ ಒಂದು ಪಾಲು ಧನ 2ರ ಕಬ್ಬಿಣ, ಎರಡು ಪಾಲು ಧನ 3ರ ಕಬ್ಬಿಣ. ಒಂದು ಕೆಂಪು, ಇನ್ನೊಂದು ಕಪ್ಪು. ಒಂದನ್ನು ಅಯಸ್ಕಾಂತ ಬಲವಾಗಿ ಸೆಳೆಯುತ್ತದೆ, ಇನ್ನೊಂದನ್ನು ಹಾಗೆ ಸೆಳೆಯದು. ‘ಕಬ್ಬಿಣದ ಆಕ್ಸೈಡ್’ ಎಂಬ ಹೆಸರು ಇವೆರಡರ ನಡುವೆ ಭೇದ ಮಾಡಲಾರದು.

ಫೆರಸ್-ಫೆರಿಕ್, ಕ್ಯೂಪ್ರಸ್-ಕ್ಯೂಪ್ರಿಕ್ ಎಂಬ ಹಳೆಯ ಜೋಡಿಗಳು ಕಡಿಮೆ ಮತ್ತು ಹೆಚ್ಚು ಆವೇಶಗಳನ್ನು ಮಾತ್ರ ಸೂಚಿಸುತ್ತವೆ. ಫೆರಿಕ್ ಎಂದರೆ 3, ಕ್ಯೂಪ್ರಿಕ್ ಎಂದರೆ 2. ಒಂದೇ ಪ್ರತ್ಯಯಕ್ಕೆ ಎರಡು ಬೆಲೆ. ಇದನ್ನು ಕಂಡೇ ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಲೋಹದ ಹೆಸರಿನ ಮುಂದೆ ಕಂಸದಲ್ಲಿ ಸಂಖ್ಯೆಯನ್ನು ಬರೆಯುವ ಪದ್ಧತಿಯನ್ನು ಸೂಚಿಸಿದರು. ಕನ್ನಡಕ್ಕೆ ಈ ಪದ್ಧತಿ ಸಹಜವಾಗಿ ಒಗ್ಗುತ್ತದೆ. ‘ಕಬ್ಬಿಣ(3) ಆಕ್ಸೈಡ್’, ‘ತಾಮ್ರ(2) ಸಲ್ಫೇಟ್’ ಎಂದು ಬರೆದರೆ ಷಷ್ಠಿಯ ‘ದ’ ತಾನಾಗಿ ಬಿದ್ದುಹೋಗುತ್ತದೆ, ರೂಢಿಯ ತಾಮ್ರ-ಕಬ್ಬಿಣಗಳು ಉಳಿಯುತ್ತವೆ, ಸೂತ್ರಕ್ಕೆ ಬೇಕಾದ ಸಂಖ್ಯೆಯೂ ಸಿಗುತ್ತದೆ. ಇನ್ನು ಋಣ ಅಯಾನುಗಳ ಎರವಲು ಪ್ರತ್ಯಯಗಳನ್ನು ಮುಟ್ಟದಿರುವುದೇ ಲೇಸು. ಸಲ್ಫೈಡ್, ಸಲ್ಫೈಟ್, ಸಲ್ಫೇಟ್ ಎಂಬ ಮೂರರ ನಡುವಿನ ಅಂತರ ಕನ್ನಡ ಲಿಪಿಯಲ್ಲಿ ಒಂದು ಅಕ್ಷರದಷ್ಟು ಮಾತ್ರ. ಆ ಒಂದು ಅಕ್ಷರ ಆಮ್ಲಜನಕ ಇದೆಯೆ, ಎಷ್ಟಿದೆ ಎಂಬುದನ್ನು ಹೇಳುತ್ತದೆ. ಇಲ್ಲಿ ಅಚ್ಚಿನ ತಪ್ಪು ಕೇವಲ ಕಾಗುಣಿತದ ತಪ್ಪಲ್ಲ. ಬೇರೊಂದು ವಸ್ತುವನ್ನೇ ಹೆಸರಿಸಿದಂತೆ.

6

ಹಾಗಾದರೆ ಮೈಲುತುತ್ತು, ಸುಣ್ಣಗಳಂತಹ ರೂಢಿಯ ಹೆಸರುಗಳಿಗೆ ವಿಜ್ಞಾನದ ಪಠ್ಯದಲ್ಲಿ ಸ್ಥಾನವಿಲ್ಲವೆ? ಅವು ಸೂತ್ರವನ್ನು ಹೇಳಲಾರವು, ನಿಜ. ಆದರೆ ಶಾಸ್ತ್ರೀಯ ಹೆಸರು ಬಿಟ್ಟುಬಿಡುವ ಸಂಗತಿಗಳನ್ನು ಅವು ಹಿಡಿದಿಟ್ಟಿವೆ.

ಮೈಲುತುತ್ತಿನ ನೀಲಿ ತಾಮ್ರದ ಅಯಾನಿಗೆ ಅಂಟಿಕೊಂಡ ನೀರಿನಿಂದ ಬಂದುದು. ಹರಳಿನಲ್ಲಿ ಒಂದು ತಾಮ್ರ(2) ಸಲ್ಫೇಟಿಗೆ ಐದು ನೀರಿನ ಅಣುಗಳಿವೆ. ಕಾಯಿಸಿದರೆ ನೀರು ಹೋಗಿ ಹರಳು ಬಿಳಿಯ ಪುಡಿಯಾಗುತ್ತದೆ. ಅಂದರೆ ನವಿಲಿನ ಹೆಸರು ನೀರನ್ನೂ ಒಳಗೊಂಡ ಹೆಸರು. ‘ತಾಮ್ರದ ಸಲ್ಫೇಟ್’ ಎಂಬ ಪಠ್ಯದ ಹೆಸರು ಆ ನೀರನ್ನು ಮರೆತ ಹೆಸರು. ಮರೆವಿಗೆ ಬೆಲೆ ತೆರಬೇಕಾಗುತ್ತದೆ. ನೀರಿಲ್ಲದ ಸೂತ್ರದ ಲೆಕ್ಕದಂತೆ ಅದರಲ್ಲಿ ಶೇಕಡಾ 40ರಷ್ಟು ತಾಮ್ರವಿರಬೇಕು. ರೈತ ಕೊಳ್ಳುವ ಹರಳಿನಲ್ಲಿ ಇರುವುದು ಶೇಕಡಾ 25ರಷ್ಟು ಮಾತ್ರ.

ಸುಣ್ಣದ ಮಾತು ಇನ್ನೂ ಸ್ವಾರಸ್ಯಕರ. ಚಿಪ್ಪು ಅಥವಾ ಸುಣ್ಣಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣ - ಈ ಮೂರು ಕ್ರಮವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಕ್ಯಾಲ್ಸಿಯಂ ಆಕ್ಸೈಡ್, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಶಾಸ್ತ್ರೀಯ ಹೆಸರುಗಳು ವಸ್ತು ಏನೆಂಬುದನ್ನು ಹೇಳಿದರೆ, ಕನ್ನಡದ ಹೆಸರುಗಳು ಅದು ಹೇಗೆ ಆಯಿತೆಂಬುದನ್ನು ಹೇಳುತ್ತವೆ. ಸುಡುವುದು, ಅರಳುವುದು ಎಂಬ ಕ್ರಿಯಾಪದಗಳಲ್ಲಿ ಎರಡು ರಾಸಾಯನಿಕ ಕ್ರಿಯೆಗಳೇ ಅಡಗಿವೆ. ಸುಟ್ಟ ಸುಣ್ಣಕ್ಕೆ ನೀರೆರೆದಾಗ ಅದು ಕುದಿದು ಬಿರಿಯುವುದನ್ನು ಕಂಡವರೇ ‘ಅರಳು’ ಎಂಬ ಪದವನ್ನು ಆರಿಸಿರಬೇಕು.

ಬೋರ್ಡೋ ದ್ರಾವಣದಲ್ಲಿ ಈ ಎರಡು ಹೆಸರಿನ ಲೋಕಗಳು ಕೂಡುತ್ತವೆ. ಸರಳೀಕರಿಸಿ ಹೇಳುವುದಾದರೆ ಸಿಯು-ಎಸ್-ಓ₄ ಮತ್ತು ಸಿಎ-(ಓ-ಎಚ್)₂ ಸೇರಿದಾಗ ಅಯಾನುಗಳು ಜೊತೆ ಬದಲಿಸಿ ತಾಮ್ರ(2) ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತವೆ. ಸೂತ್ರದ ಪ್ರಕಾರ 1 ಕಿಲೋಗ್ರಾಂ ಮೈಲುತುತ್ತಿಗೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ರೂಢಿಯ ಲೆಕ್ಕ 1 ಕಿಲೋಗ್ರಾಂ ಎನ್ನುತ್ತದೆ. ಇದು ವಿರೋಧವಲ್ಲ. ದ್ರಾವಣ ಆಮ್ಲೀಯವಾಗಿ ಉಳಿದರೆ ಎಳೆಯ ಗೊನೆ ಸುಟ್ಟುಹೋಗುತ್ತದೆ. ಗಾಳಿಗೆ ತೆರೆದ ಹಳೆಯ ಸುಣ್ಣವಾದರೋ ಮತ್ತೆ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಂಡಿರುತ್ತದೆ. ಆದುದರಿಂದ ಹೆಚ್ಚುವರಿ ಸುಣ್ಣ ಕಾಪು. ತೋಟದಲ್ಲಿ ಇದನ್ನು ಪರೀಕ್ಷಿಸುವ ಕ್ರಮವೂ ಪ್ರಸಿದ್ಧ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರ. ಕಬ್ಬಿಣವು ಅಯಾನಾಗಿ ದ್ರಾವಣಕ್ಕೆ ಇಳಿದು, ತಾಮ್ರದ ಅಯಾನು ಲೋಹವಾಗಿ ಕತ್ತಿಯ ಮೇಲೆ ಕುಳಿತಿದೆ. ಅಯಾನು ಎಂಬ ಪದವನ್ನು ಕೇಳದವರೂ ಅಯಾನನ್ನು ಕಣ್ಣಾರೆ ಕಾಣುವ ಗಳಿಗೆ ಅದು.

ಇಷ್ಟೆಲ್ಲ ತಿಳಿವಳಿಕೆ ಮನೆಯಂಗಳದಲ್ಲಿ ಇದ್ದರೂ ಶಾಲೆಯ ಪುಸ್ತಕದ ‘ತಾಮ್ರದ ಸಲ್ಫೇಟ್’, ಚೀಲದ ಮೇಲಿನ ‘ಕಾಪರ್ ಸಲ್ಫೇಟ್’, ತೋಟದ ‘ಮೈಲುತುತ್ತು’ ಒಂದೇ ಎಂಬ ಅರಿವು ವಿದ್ಯಾರ್ಥಿಯಲ್ಲಿ ತಾನಾಗಿ ಮೂಡುವುದಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಪದವಿಪೂರ್ವ ವಿಜ್ಞಾನಕ್ಕೆ ಹೋದವನಿಗೆ ಇಂಗ್ಲಿಷ್ ಮಾಧ್ಯಮ ಎದುರಾದಾಗ ಈ ಹೆಸರುಗಳ ನಡುವಿನ ಕಂದಕ ಮತ್ತಷ್ಟು ಅಗಲವಾಗುತ್ತದೆ. ನಾಮಕರಣದ ಚರ್ಚೆ ವಿದ್ವಾಂಸರ ವಿನೋದವಲ್ಲ ಎನ್ನುವುದು ಈ ಕಾರಣಕ್ಕೆ.

7

ಪರಿಹಾರದ ಮಾದರಿಯೊಂದು ಮೂಡುಬಿದಿರೆಯಲ್ಲಿಯೇ ಇದೆ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ಧವಳಾ ಗ್ರಂಥದ ತಾಳೆಗರಿಗಳ ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತದ್ದು. ಪರಭಾಷೆಯ ಶಾಸ್ತ್ರವನ್ನು ನಮ್ಮ ಲಿಪಿಯಲ್ಲಿ ಬರೆದುಕೊಳ್ಳುವುದು ಕನ್ನಡಕ್ಕೆ ಹೊಸದೂ ಅಲ್ಲ, ಅವಮಾನವೂ ಅಲ್ಲ. ಅದಕ್ಕಿಂತ ಮುಖ್ಯವಾದುದು, ಷಟ್ಖಂಡಾಗಮದ ಸೂತ್ರಗಳು ನಮಗೆ ಉಳಿದು ಬಂದುದು ವೀರಸೇನರ ಆ ವ್ಯಾಖ್ಯಾನದ ಒಡಲಲ್ಲಿ. ವ್ಯಾಖ್ಯಾನವೇ ಸೂತ್ರವನ್ನು ಹೊತ್ತು ತಂದಿತು.

ರಾಸಾಯನಿಕ ಸಂಕೇತಕ್ಕೆ ‘ಸೂತ್ರ’ ಎಂಬ ಪದವನ್ನು ಆರಿಸಿದವರು ಅತ್ಯಂತ ಸಮರ್ಪಕ ಪದವನ್ನೇ ಆರಿಸಿದ್ದಾರೆ. ಆದರೆ ಸೂತ್ರವನ್ನು ಕೊಟ್ಟ ನಮ್ಮ ಪಠ್ಯಗಳು ವ್ಯಾಖ್ಯಾನವನ್ನು ಬಿಟ್ಟಿವೆ. ಸಂಯುಕ್ತದ ಶಾಸ್ತ್ರೀಯ ಹೆಸರು ಅಂತರರಾಷ್ಟ್ರೀಯ ಪ್ರತ್ಯಯಗಳನ್ನು ಉಳಿಸಿಕೊಳ್ಳಲಿ. ಬದಲಾಗುವ ಆವೇಶವನ್ನು ಕಂಸದಲ್ಲಿ ಹೇಳಲಿ. ನಡುವಿನ ಷಷ್ಠಿಯನ್ನು ಬಿಡಲಿ. ಅಯಾನಿಕ ಸಂಯುಕ್ತಗಳಿಗೆ ‘ಅಣುಸೂತ್ರ’ ಎನ್ನದಿರಲಿ. ಅದರ ಬೆನ್ನಿಗೆ ಮೈಲುತುತ್ತು, ಸುಟ್ಟ ಸುಣ್ಣ, ಅನ್ನಭೇದಿ, ಪಟಿಕಗಳು ವ್ಯಾಖ್ಯಾನವಾಗಿ ನಿಲ್ಲಲಿ. ಸೂತ್ರ ಬರೆಯುವುದನ್ನು ಕಲಿಸುವ ಪಾಠ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನಿಂದ ಆರಂಭವಾಗಿ ಸುಣ್ಣಕ್ಕೆ ಬರುವ ಬದಲು ಸುಣ್ಣದಿಂದ ಹೊರಟು ಅಲ್ಲಿಗೆ ತಲುಪಬಹುದು. ಅನುವಾದವೋ ಎರವಲೋ ಎಂಬ ಪ್ರಶ್ನೆ ಆಗ ತನ್ನ ಮೊನಚನ್ನು ಕಳೆದುಕೊಳ್ಳುತ್ತದೆ. ಕನ್ನಡದಲ್ಲಿ ರಸಾಯನವಿಜ್ಞಾನಕ್ಕೆ ಕೊರತೆಯಾಗಿರುವುದು ಪದಗಳದ್ದಲ್ಲ. ನಮ್ಮಲ್ಲಿ ಈಗಾಗಲೇ ಇರುವ ಎರಡು ಹೆಸರುಗಳನ್ನು ಒಂದೇ ಪುಟದಲ್ಲಿ ಎದುರುಬದುರು ಕೂರಿಸುವ ವಿವರಣೆಯದು.